ಝೂಲಾದಲ್ಲಿ ಕೂತ ಚಿತ್ರಗಾರ

ಬೆಳಗಿನ ಆರೂ ಮುಕ್ಕಾಲು. ಅಂಧೇರಿ ಪೂರ್ವದ ಇಪ್ಪತ್ತೊಂದು ಮಹಡಿಯ ಕಟ್ಟಡದ ಟೆರೇಸಿನಲ್ಲಿ ಯಲ್ಲಾಲಿಂಗ ಹಗ್ಗ ಪರೀಕ್ಷಿಸುತ್ತಿದ್ದಾರೆ. ಕಣ್ಣು ಮುಚ್ಚಿಕೊಂಡು, ಹಗ್ಗವನ್ನು ಗೇಣುಗೇಣಾಗಿ ಅಂಗೈಯೊಳಗೆ ಹಾಯಿಸುತ್ತಾರೆ. ಎಲ್ಲಾದರೂ ಒಂದು ಎಳೆ ಸಡಿಲಾಗಿದ್ದರೆ ಚರ್ಮಕ್ಕೆ ತಿಳಿಯುತ್ತದಂತೆ. ಒಂದು ಹಗ್ಗ ಕೂರುವ ಮಣೆಗೆ, ಇನ್ನೊಂದು ಸೊಂಟದ ಬೆಲ್ಟಿಗೆ. ಜೊತೆಗಾರ ಹಣಮಂತ ಕಂಬಕ್ಕೆ ಹಾಕಿದ ಗಂಟನ್ನು ಕಾಲಿನಿಂದ ಒದ್ದು ನೋಡಿ ತಲೆಯಾಡಿಸಿದ ಮೇಲೆ, ಯಲ್ಲಾಲಿಂಗ ಕಟ್ಟೆ ದಾಟಿ ಆಚೆಗೆ ಕಾಲು ಇಳಿಬಿಡುತ್ತಾರೆ. ನಾನು ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರು ಮಾತ್ರ ಮನೆಯ ಜಗುಲಿಯ ಮೇಲೆ ಕೂತವರಂತೆ ಮಣೆಯ ಮೇಲೆ ಕೂತು, ಬಣ್ಣದ ಬಕೆಟ್ಟನ್ನು ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಕೆಳಗ ನೋಡಿದ್ರ ತೆಲಿ ತಿರಗತದ ಅಂತಾರ ಮಂದಿ. ನಾ ಕೆಳಗ ನೋಡೂದ ಇಲ್ರಿ. ಮಾರಿ ಮುಂದ ಗ್ವಾಡಿ ಇರ್ತದ, ಅದನ್ನ ನೋಡ್ತೀನಿ," ಎನ್ನುತ್ತಾರೆ.

ಹಗ್ಗದ ಈ ತೂಗುಮಣೆಗೆ ಮುಂಬಯಿಯಲ್ಲಿ ಝೂಲಾ ಎನ್ನುತ್ತಾರೆ. ನಲವತ್ತಾರರ ಯಲ್ಲಾಲಿಂಗ ಇಪ್ಪತ್ತೆರಡು ವರ್ಷಗಳಿಂದ ಅದರ ಮೇಲೆ ಕೂತು ಈ ನಗರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ. ಇದು ಅವರ ಎಂಬತ್ತಮೂರನೆಯ ಕಟ್ಟಡ. ಕಳೆದ ತಿಂಗಳು ಚೆಂಬೂರಿನ ಕನ್ನಡ ಬಳಗವೊಂದು ಸ್ಥಳೀಯ ಛಾಯಾಗ್ರಾಹಕರು ಮತ್ತು ಚಿತ್ರಗಾರರನ್ನು ಸೇರಿಸಿ ನಡೆಸಿದ ಮೂರು ದಿನಗಳ ಪ್ರದರ್ಶನದಲ್ಲಿ ಇದೇ ಯಲ್ಲಾಲಿಂಗ ಬಿಡಿಸಿದ ಏಳು ಚಿತ್ರಗಳಿದ್ದವು. ಹತ್ತೊಂಬತ್ತು ಜನರ ಕೃತಿಗಳಲ್ಲಿ ಹೆಚ್ಚು ಜನ ನಿಂತು ನೋಡಿದ್ದು ಅವರ ಒಂದು ಚಿತ್ರವನ್ನು. ಅದು ಗೋಡೆಗೇರದೆ ಉಳಿಯುವುದರಲ್ಲಿತ್ತು.

ಯಲ್ಲಾಲಿಂಗ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ಹದಿನೇಳಕ್ಕೆ ಮುಂಬಯಿಗೆ ಬಂದು ಘಾಟ್ಕೋಪರಿನಲ್ಲಿ ಬೋರ್ಡು ಬರೆಯುವವರೊಬ್ಬರ ಹತ್ತಿರ ಸೇರಿದರು. ಅಂಗಡಿಯ ಹೆಸರು, ಡಾಕ್ಟರ ಡಿಗ್ರಿ, ಟೆಂಪೋದ ಹಿಂದಿನ ಹೂಬಳ್ಳಿ, ಎಲ್ಲವನ್ನೂ ಬರೆದರು. ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ಅಕ್ಷರ ಕಲಿತದ್ದು ಅಲ್ಲೇ. ಆಮೇಲೆ ಫ್ಲೆಕ್ಸ್ ಬಂತು. "ಎರಡ ವರ್ಷದಾಗ ಎಲ್ಲಾ ಖಲಾಸ್. ನಾವು ಮೂರು ದಿನ ಬರಿಯೂದನ್ನ ಮಶೀನ್ ಹತ್ತು ಮಿಂಟಿನ್ಯಾಗ ತಗೀತಿತ್ತು. ಉಸ್ತಾದರು ದುಕಾನ ಮುಚ್ಚಿದ್ರು. ನನಗ ಬ್ರಶ್ ಒಂದ ಗೊತ್ತಿತ್ರಿ. ಸಣ್ಣ ಬ್ರಶ್ ಬಿಟ್ಟು ದೊಡ್ಡ ಬ್ರಶ್ ಹಿಡದೆ."

ಭಾಂಡುಪ್ ಗುಡ್ಡದ ಮೇಲೆ ಸಾಲುಮನೆಗಳ ಚಾಳಿನಲ್ಲಿ ಅವರದು ಹತ್ತಡಿ ಹದಿಮೂರಡಿಯ ಕೋಣೆ. ಹೆಂಡತಿ ಶಿವಕುಮಾರಿ ಮುಲುಂಡಿನಲ್ಲಿ ಚಪಾತಿ-ಪಲ್ಯ ಮಾರುವ ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ದಿನಕ್ಕೆ ನಾನೂರು ಚಪಾತಿ ಲಟ್ಟಿಸುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಇಬ್ಬರೂ ಎದ್ದು ನೀರು ಹಿಡಿಯುತ್ತಾರೆ. ಕಟ್ಟಡದ ನೆತ್ತಿಯಿಂದ ಬುಡದವರೆಗೆ ಒಂದು ಸಲ ಇಳಿದರೆ ಯಲ್ಲಾಲಿಂಗರ ಒಂದು ದಿನ ಮುಗಿಯುತ್ತದೆ. ಬಿರುಕು ತುಂಬಲು ಒಂದು ಇಳಿತ, ಉಜ್ಜಲು ಒಂದು, ಪ್ರೈಮರ್‌ಗೆ ಒಂದು, ಬಣ್ಣಕ್ಕೆ ಎರಡು ಅಥವಾ ಮೂರು. ಮಧ್ಯೆ ನೀರು ಕುಡಿಯುವುದು ಕಡಿಮೆ, ಏಕೆಂದರೆ ಮೂತ್ರಕ್ಕೆ ಹೋಗಲು ದಾರಿಯಿಲ್ಲ. ಎಂಟು ವರ್ಷದ ಹಿಂದೆ ಠಾಣೆಯಲ್ಲಿ ಇದ್ದಕ್ಕಿದ್ದಂತೆ ಗಾಳಿ ಎದ್ದು, ಮಣೆ ಗೋಡೆಗೆ ಅಪ್ಪಳಿಸಿ ಎಡ ಮಣಿಕಟ್ಟು ಮುರಿಯಿತು. ಪುಣ್ಯಕ್ಕೆ ಬಲಗೈಗೆ ಏನೂ ಆಗಲಿಲ್ಲ. ಮೂರು ತಿಂಗಳು ಮನೆಯಲ್ಲಿ ಕೂರಬೇಕಾದಾಗ ಮತ್ತೆ ಸಣ್ಣ ಬ್ರಶ್ ಹಿಡಿದರು.

ಅವರ ಕ್ಯಾನ್ವಾಸು ಬಡಗಿಗಳು ಎಸೆದ ಪ್ಲೈವುಡ್ ತುಂಡು. ಬಣ್ಣ ಬಕೆಟ್ಟಿನ ತಳದಲ್ಲಿ ಉಳಿದದ್ದು. ಹಾಗಾಗಿ ಅವರ ಚಿತ್ರಗಳಲ್ಲಿ ಮುಂಬಯಿಯ ಹೌಸಿಂಗ್ ಸೊಸೈಟಿಗಳು ಇಷ್ಟಪಡುವ ಬಣ್ಣಗಳೇ ತುಂಬಿವೆ: ಕೆನೆ, ಬೂದಿ, ಇಟ್ಟಿಗೆಗೆಂಪು. ಝೂಲಾದ ಮೇಲೆ ಮೊಬೈಲ್ ಒಯ್ಯುವಂತಿಲ್ಲ, ಕೈಜಾರಿ ಬಿದ್ದರೆ ಕೆಳಗಿದ್ದವರ ತಲೆ ಒಡೆಯುತ್ತದೆ. ಹಗಲು ಕಂಡದ್ದನ್ನು ನೆನಪಿಟ್ಟುಕೊಂಡು ರಜೆಯ ದಿನ ಬರೆಯುತ್ತಾರೆ. ಪೈಪಿನ ಸಂದಿಯಲ್ಲಿ ಬೆಳೆದ ಅರಳಿ ಸಸಿ, ಏಸಿ ಡಬ್ಬಿಯ ಹಿಂದೆ ಗೂಡು ಕಟ್ಟಿದ ಪಾರಿವಾಳ, ಹದಿನೆಂಟನೇ ಮಹಡಿಯ ಮಟ್ಟದಿಂದ ಕಾಣುವ ಲೋಕಲ್ ರೈಲುಗಾಡಿಯ ಬೆನ್ನು. ಅವರಿಗೊಂದು ನಿಯಮವಿದೆ. "ಖಿಡಕಿ ಒಳಗಿಂದು ನಂದಲ್ರಿ. ಗ್ರಿಲ್‌ನಿಂದ ಈ ಕಡಿಂದು ಅಷ್ಟ ನಂದು. ಮಂದಿ ನಮ್ಮನ್ನ ನಂಬಿ ಮನ್ಯಾಗ ಇರ್ತಾರ."

ಪ್ರದರ್ಶನದ ಸುದ್ದಿ ತಿಳಿದದ್ದು ಚೆಂಬೂರಿನ ಹೋಟೆಲಿನ ಗೋಡೆಗೆ ಅಂಟಿಸಿದ್ದ ಕನ್ನಡ ಕಾಗದದಿಂದ. ಕೆಳಗಿದ್ದ ನಂಬರಿಗೆ ಫೋನು ಮಾಡಿ, "ನಾ ಪೇಂಟರ್ ರಿ, ಆದ್ರ ಬಿಲ್ಡಿಂಗ್ ಪೇಂಟರ್," ಎಂದರು. ಆ ಕಡೆ ಇದ್ದವರು ಶಾಲೆಯೊಂದರ ಚಿತ್ರಕಲಾ ಶಿಕ್ಷಕಿ, ಬಳಗದ ಸಂಚಾಲಕಿ ಜ್ಯೋತ್ಸ್ನಾ. "ತೊಂದರೆ ಇಲ್ಲ, ಬರೆದದ್ದು ಇದ್ದರೆ ತನ್ನಿ," ಎಂದರು. ಯಲ್ಲಾಲಿಂಗ ಸಿಮೆಂಟಿನ ಚೀಲದಲ್ಲಿ ಪ್ಲೈವುಡ್ ತುಂಡುಗಳನ್ನು ಹೊತ್ತು ಹೋದರು.

"ಚೀಲದಿಂದ ಒಂದೊಂದೇ ತೆಗೆದು ನೆಲದ ಮೇಲೆ ಇಟ್ಟರು. ನಾನೂ ನೆಲದಲ್ಲೇ ಕೂತುಬಿಟ್ಟೆ," ಎಂದು ಜ್ಯೋತ್ಸ್ನಾ ನೆನೆಯುತ್ತಾರೆ. ಅವರು ಆರಿಸಿದ ಏಳರಲ್ಲಿ ಒಂದು ಹೀಗಿತ್ತು: ಎತ್ತರದ ಗೋಡೆ, ಅರ್ಧ ಹಳೆಯ ಹಳದಿ, ಅರ್ಧ ಹೊಸ ಬೂದಿ. ನಡುವೆ ಒಂದು ಕಿಟಕಿಯ ಗ್ರಿಲ್. ಒಳಗೆಲ್ಲ ಕತ್ತಲೆ. ಗ್ರಿಲ್‌ನ ಸಂದಿಯಿಂದ ವಯಸ್ಸಾದ ಹೆಣ್ಣಿನ ಕೈಯೊಂದು ಹೊರಬಂದಿದೆ, ಬೆರಳುಗಳಲ್ಲಿ ಸ್ಟೀಲ್ ಗ್ಲಾಸು, ಗ್ಲಾಸಿನಿಂದ ಏಳುವ ಹಬೆ.

ಅದರ ಹಿಂದೆ ಒಂದು ಕಥೆಯಿತ್ತು. ಮುಲುಂಡಿನ ಒಂದು ಕಟ್ಟಡದ ಕೆಲಸ. ಝೂಲಾ ಬಂತೆಂದರೆ ಜನ ಪರದೆ ಎಳೆದುಕೊಳ್ಳುತ್ತಾರೆ, ಅದು ಯಲ್ಲಾಲಿಂಗರಿಗೆ ರೂಢಿ. ಈ ಕಿಟಕಿಯ ಪರದೆಯೂ ಮೊದಲೆರಡು ಇಳಿತಗಳಲ್ಲಿ ಮುಚ್ಚಿತ್ತು. ಮೂರನೇ ಸಲ ಯಲ್ಲಾಲಿಂಗ ಮೇಲಿದ್ದ ಹಣಮಂತನಿಗೆ, "ಇನ್ನೊಂದ ಮೊಳ ಬಿಡೋ!" ಎಂದು ಕೂಗಿದ್ದೇ ಪರದೆ ಸರಿಯಿತು. ಸ್ವಲ್ಪ ಹೊತ್ತಿಗೆ ಗ್ರಿಲ್‌ನಿಂದ ಕೈ ಬಂತು. "ಬಿಸಿ ಉಂಟು, ಮೆಲ್ಲ ಹಿಡೀರಿ," ಎಂಬ ಕನ್ನಡದ ಮಾತೂ ಬಂತು. ಹೊರಗಿನ ಬಿಸಿಲಿಗೆ ಒಳಗಿನವರ ಮುಖ ಕಾಣಲಿಲ್ಲ. ಹೀಗೆ ನಾಲ್ಕು ದಿನ ಚಹಾ. ಕೆಲಸ ಮುಗಿಯಿತು.

"ಇಪ್ಪತ್ತೆರಡ ವರ್ಷದಾಗ ಗ್ವಾಡಿಗೆ ಜೋತು ಬಿದ್ದಾಗ ಚಾ ಕೊಟ್ಟಾವ್ರು ಅವ್ರೊಬ್ರರಿ," ಎನ್ನುತ್ತಾರೆ ಯಲ್ಲಾಲಿಂಗ.

ಆಯ್ಕೆಯಾಯಿತು ಎಂದಾಗ ಅವರು ಉಳಿದ ಆರನ್ನು ಒಪ್ಪಿ, ಇದೊಂದಕ್ಕೆ ಕೈ ಅಡ್ಡ ಹಿಡಿದರು. ಆ ತಾಯಿಯನ್ನು ಕೇಳದೆ ಇಡುವುದಿಲ್ಲ ಎಂದರು. ಜ್ಯೋತ್ಸ್ನಾ ವಾದಿಸಿದರು: "ಬರೀ ಕೈ ಅಲ್ವಾ? ಯಾರದ್ದೂಂತ ಯಾರಿಗೆ ಗೊತ್ತಾಗ್ತದೆ?"

"ಅವ್ರಿಗೆ ಗೊತ್ತಾಗತದಲ್ರಿ."

"ನಿಮ್ಮದೇ ನಿಯಮ ಉಂಟಲ್ಲ, ಗ್ರಿಲ್‌ನಿಂದ ಹೊರಗಿನದು ನಿಮ್ಮದೂಂತ? ಕೈ ಹೊರಗೇ ಉಂಟು."

"ಕೈ ಹೊರಗ ಬಂದಿದ್ದು ಚಾ ಕೊಡಾಕ್ರಿ ಟೀಚರ್, ಚಿತ್ರಕ್ಕಲ್ಲ."

ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ಜ್ಯೋತ್ಸ್ನಾ ಗೋಡೆಯಲ್ಲಿ ಒಂದು ಜಾಗ ಖಾಲಿ ಬಿಟ್ಟು ಕಾದರು.

ಯಲ್ಲಾಲಿಂಗ ಆ ಕಟ್ಟಡದ ಗೇಟಿಗೆ ಹೋದರು. ಎರಡು ತಿಂಗಳು ಅದರ ಮೈಯೆಲ್ಲ ಸವರಿದವರು, ಆದರೆ ಒಳಗಿನ ಯಾರ ಹೆಸರೂ ಗೊತ್ತಿಲ್ಲ. "ಕಾಮ್ ತೋ ಖತಮ್ ಹೋ ಗಯಾ, ಅಬ್ ಕ್ಯಾ ಹೈ?" ಎಂದ ವಾಚ್‌ಮನ್. ಕೆಲಸ ಮುಗಿದ ಮೇಲೆ ಇಲ್ಲಿಗೇಕೆ ಬಂದೆ ಎಂಬ ಆ ಪ್ರಶ್ನೆಗೆ ಅವರು ಏನು ಹೇಳಿದರೂ ಅನುಮಾನವೇ ಹೆಚ್ಚಾಯಿತು. ಎರಡನೇ ಸಲವೂ ಅದೇ ಆಯಿತು. ಮೂರನೇ ಸಲ ಅವರು ಒಂದು ಕಾಗದ ಬರೆದುಕೊಂಡು ಹೋಗಿ, ಲೆಟರ್ ಬಾಕ್ಸಿಗೆ ಹಾಕಲು ಮಾತ್ರ ಒಪ್ಪಿಗೆ ಪಡೆದರು.

ಆ ಕಾಗದವನ್ನು ನಾನು ನೋಡಿದ್ದೇನೆ. ಬೋರ್ಡು ಬರೆಯುವವರ ದುಂಡು ಅಕ್ಷರ. "ಅಮ್ಮಾ, ನಾನು ನಿಮ್ಮ ಬಿಲ್ಡಿಂಗಿಗೆ ಬಣ್ಣ ಹೊಡೆದವನು. ನಾಲ್ಕು ದಿನ ಚಾ ಕೊಟ್ಟಿದ್ದೀರಿ. ನಿಮ್ಮ ಕೈಯ ಚಿತ್ರ ಬರೆದಿದ್ದೇನೆ. ಹೇಳದೆ ಬರೆದದ್ದು ತಪ್ಪು. ಚೆಂಬೂರಿನಲ್ಲಿ ನಾಲ್ಕು ಜನರ ಮುಂದೆ ಇಡಬಹುದೆ? ಬೇಡ ಎಂದರೆ ಇಡುವುದಿಲ್ಲ." ಕೊನೆಗೆ ಫೋನ್ ನಂಬರು.

ಹೊರಗಿನಿಂದ ಮಹಡಿ ಎಣಿಸಿ 1402 ಎಂದು ಲೆಕ್ಕ ಹಾಕಿ ಆ ಡಬ್ಬಿಗೆ ಹಾಕಿದ್ದರು. ಆ ಕಟ್ಟಡದಲ್ಲಿ ಅಪಶಕುನವೆಂದು ಹದಿಮೂರನೇ ಮಹಡಿಯ ಸಂಖ್ಯೆಯನ್ನೇ ಬಿಟ್ಟಿದ್ದಾರೆ ಎಂಬುದು ಗೋಡೆಯ ಹೊರಗಿದ್ದವರಿಗೆ ಹೇಗೆ ತಿಳಿಯಬೇಕು? ಅವರು ಎಣಿಸಿದ ಹದಿನಾಲ್ಕನೆಯದು ಅಲ್ಲಿ ಹದಿನೈದನೆಯದು; ಹಾಗಾಗಿ ಕಾಗದ ತಪ್ಪಿ ಕೆಳಗಿನ ಮಹಡಿಯ ಒಂದು ಗುಜರಾತಿ ಸಂಸಾರದ ಕೈಸೇರಿತು. ಏಳು ದಿನ ಅವರ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇತ್ತ ಯಲ್ಲಾಲಿಂಗ ಫೋನು ಬಾರದ್ದನ್ನು ಕಂಡು, "ಬ್ಯಾಡ ಅಂದಂಗ ಆತ್ರಿ. ಆ ಜಾಗಾದಾಗ ಬ್ಯಾರೇದು ಹಾಕ್ರಿ," ಎಂದು ಜ್ಯೋತ್ಸ್ನಾರಿಗೆ ತಿಳಿಸಿಬಿಟ್ಟರು. ಕೊನೆಗೆ ಆ ಮನೆಯ ಹೆಂಗಸು ಇದು ದಕ್ಷಿಣದ ಲಿಪಿ ಎಂದು ಗುರುತಿಸಿ, ಮೇಲಿನ ಮನೆಯ ವಸಂತಿ ಆಂಟಿಗೆ ಓದಲು ಕೊಟ್ಟರು.

ಓದಿದವರಿಗೇ ಬರೆದ ಕಾಗದ ಅದು! ಕಾರ್ಕಳದ ಕಡೆಯ ವಸಂತಿ ಅಮ್ಮನಿಗೆ ಈಗ ಎಪ್ಪತ್ತಾರು. ಮಗಳು ನಮಿತಾಳ ಜೊತೆ ಇದ್ದಾರೆ. ಮೊಣಕಾಲಿನ ಆಪರೇಶನ್ ಆದ ಮೇಲೆ ಬೀಳುವ ಹೆದರಿಕೆಯಿಂದ ಏಳು ತಿಂಗಳು ಲಿಫ್ಟಿನ ಬಾಗಿಲವರೆಗೂ ಹೋದವರಲ್ಲ. ಅಂದೇ ಸಂಜೆ ಫೋನು ಮಾಡಿದರು. "ನೀವೇ ಬರೆದದ್ದಾ ಇದು? ಇಷ್ಟು ಚಂದದ ಅಕ್ಷರ ನಾನು ಶಾಲೆ ಬಿಟ್ಟ ಮೇಲೆ ನೋಡಿದ್ದಿಲ್ಲ ಮಾರಾಯರೆ. ಚಿತ್ರ ಇಡಿ. ಆದರೆ ನಾನು ನೋಡದೆ ಆಗ್ಲಿಕ್ಕಿಲ್ಲ. ನಾನು ಬರ್ತೇನೆ."

"ನಾನು ಏಳು ತಿಂಗಳು ಗೋಗರೆದದ್ದು ವ್ಯರ್ಥ," ಎಂದು ನಗುತ್ತಾರೆ ನಮಿತಾ. "ಆ ಲೆಟರ್ ಓದಿ ಅಮ್ಮ ಸೀದಾ ಚಪ್ಪಲಿ ಹುಡುಕ್ಲಿಕ್ಕೆ ಶುರು ಮಾಡಿದ್ರು."

ಪ್ರದರ್ಶನದ ಮೊದಲ ದಿನ ವಸಂತಿ ಅಮ್ಮನನ್ನು ಕರೆತರಲು ಯಲ್ಲಾಲಿಂಗ ಮತ್ತು ಶಿವಕುಮಾರಿ ಹೋದರು. ವಾಚ್‌ಮನ್ ರಿಜಿಸ್ಟರಿನಲ್ಲಿ 'ಗೆಸ್ಟ್' ಎಂದು ಬರೆದುಕೊಂಡ. ಮೇಲೆ ಬಾಗಿಲು ತೆರೆದ ವಸಂತಿ ಅಮ್ಮ ಯಲ್ಲಾಲಿಂಗರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಿಸಿಲಿಗೆ ನನಗೂ ನಿಮ್ಮ ಮುಖ ಸರಿ ಕಂಡಿರ್ಲಿಲ್ಲ," ಎಂದರು.

ಚೆಂಬೂರಿನ ಸಭಾಂಗಣ ತುಂಬಿತ್ತು. ಅಂಧೇರಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ರೋಶನ್ ತೆಗೆದ ಅಡುಗೆಯವರ ಫೋಟೋಗಳು ಒಂದು ಕಡೆ, ಪಕ್ಕದಲ್ಲಿ ಯಲ್ಲಾಲಿಂಗರ ಏಳೂ ಪ್ಲೈವುಡ್ಡುಗಳು. ವಸಂತಿ ಅಮ್ಮ ಮಗಳ ಭುಜ ಹಿಡಿದು ಚಿತ್ರದ ಮುಂದೆ ನಿಂತರು. ತಮ್ಮ ಕೈಯನ್ನು ಅದರ ಪಕ್ಕಕ್ಕೆ ಹಿಡಿದು ತಾಳೆ ನೋಡಿದರು.

"ಕೈ ನನ್ನದೇ. ಗ್ಲಾಸ್ ನಮ್ಮದಲ್ಲ. ನಮ್ಮದಕ್ಕೆ ಅಂಚಲ್ಲಿ ಒಂದು ನೆಗ್ಗು ಉಂಟು."

"ಕಂಡಿತ್ತವ್ವ," ಎಂದರು ಯಲ್ಲಾಲಿಂಗ. "ಬರದ್ರ ನಿಮ್ಮ ಮನಿಗೆ ಕಡಿಮಿ ಅನಸತದ ಅಂತ ಬಿಟ್ಟೆ."

"ಎಂತ ಕಡಿಮೆ? ನನ್ನ ಮದುವೆಗೆ ಕೊಟ್ಟ ಗ್ಲಾಸ್ ಅದು. ನೆಗ್ಗು ಹಾಕಿ."

ಜ್ಯೋತ್ಸ್ನಾ ಓಡಿ ಬ್ರಶ್ ಮತ್ತು ಬಣ್ಣ ತಂದರು. ಗೋಡೆಯ ಮೇಲಿದ್ದ ಚಿತ್ರದ ಮುಂದೆ ಯಲ್ಲಾಲಿಂಗ ನಿಂತರು. ಹಿಂದೆ ಐವತ್ತು ಅರವತ್ತು ಜನ. ಎಡಗೈಯಿಂದ ಹಲಗೆಯ ಅಂಚು ಹಿಡಿದುಕೊಂಡರು. ಆಮೇಲೆ ಬೂದಿ ಬಣ್ಣದ ಒಂದು ಗೆರೆ, ಅದರ ಕೆಳಗೆ ಬಿಳಿಯ ಒಂದು ಚುಕ್ಕಿ. ಗ್ಲಾಸಿನ ಅಂಚು ನೆಗ್ಗಿತು. "ಹಾಂ, ಈಗ ನಮ್ಮ ಮನೆಯದ್ದು," ಎಂದರು ವಸಂತಿ ಅಮ್ಮ. ಸಭಾಂಗಣದಲ್ಲಿ ಚಪ್ಪಾಳೆ ಕೇಳಿತು.

ಆ ಚಿತ್ರವನ್ನು ಕೊಳ್ಳಲು ಇಬ್ಬರು ಮುಂದೆ ಬಂದರು. ಯಲ್ಲಾಲಿಂಗ ಕೊಡಲಿಲ್ಲ. ವಸಂತಿ ಅಮ್ಮನಿಗೇ ಕೊಡಲು ಹೋದರೆ ಅವರು, "ನನ್ನ ಹತ್ತಿರ ಕೈಯೂ ಉಂಟು, ಗ್ಲಾಸೂ ಉಂಟು. ಚಿತ್ರ ನಿಮ್ಮ ಮನೆಯಲ್ಲಿರಲಿ," ಎಂದರು. ಈಗ ಅದು ಭಾಂಡುಪ್ಪಿನ ಕೋಣೆಯಲ್ಲಿದೆ. ಬಂದವರಿಗೆಲ್ಲ ಶಿವಕುಮಾರಿ ತೋರಿಸುತ್ತಾರೆ. ವಸಂತಿ ಅಮ್ಮ ದಿನಾ ಸಂಜೆ ಕೆಳಗಿಳಿದು ಕಾಂಪೌಂಡಿನಲ್ಲಿ ಎರಡು ಸುತ್ತು ನಡೆಯುತ್ತಾರೆ. ಬಳಗ ಮುಂದಿನ ವರ್ಷದ ಪ್ರದರ್ಶನಕ್ಕೆ ಯಲ್ಲಾಲಿಂಗರಿಗೆ ಒಂದು ಗೋಡೆಯನ್ನೇ ಮೀಸಲಿಟ್ಟಿದೆ.

ಅಂಧೇರಿಯ ಕಟ್ಟಡದ ಬುಡ ಮುಟ್ಟುವಾಗ ಸಂಜೆ ಐದು. ಬೆಲ್ಟು ಬಿಚ್ಚಿ, ಮುಖಕ್ಕೆ ಕಟ್ಟಿದ ಬಟ್ಟೆ ತೆಗೆದು, ತಾವು ಇಳಿದು ಬಂದ ಹೊಸ ಬಣ್ಣದ ಪಟ್ಟಿಯನ್ನು ಅವರು ತಲೆಯೆತ್ತಿ ನೋಡುತ್ತಾರೆ.

"ಇದು ಐದಾರು ಮಳಿಗಾಲ ತಡೀತದ್ರಿ. ಆಮ್ಯಾಲ ಇದರ ಮ್ಯಾಲ ಮತ್ತೊಬ್ಬ ಬಂದು ಹೊಡಿತಾನ. ಎಂಬತ್ತಮೂರ ಬಿಲ್ಡಿಂಗ್ ಮಾಡೀನಿ, ನಾ ಮಾಡಿದ್ದು ಅಂತ ತೋರಸಾಕ ಒಂದೂ ಉಳ್ಯಂಗಿಲ್ಲ." ಕೈ ಒರೆಸಿಕೊಂಡು ಬಕೆಟ್ ಎತ್ತಿಕೊಳ್ಳುತ್ತಾರೆ. "ಆ ಪ್ಲೈವುಡ್ ಮ್ಯಾಲ ಮಾತ್ರ ಯಾರೂ ಹೊಡ್ಯಂಗಿಲ್ರಿ."