ಬಾಲ ಗಾಳಿಗೆ ಹೋದ ಮಾತು

ಜೋಗಿಮಟ್ಟಿ ಕಡೆಯ ಗುಡ್ಡದಲ್ಲಿ ಗಾಳಿಯಂತ್ರದ ರಿಪೇರಿ ನಡೆದಿತ್ತು. ಹೊರದೇಶದ ಎಂಜಿನಿಯರ್ ಕಂಬದ ತುದಿಯಲ್ಲಿದ್ದರು. ಭಾರದ ಒಂದು ಬಿಡಿಭಾಗವನ್ನು ಹಗ್ಗಕ್ಕೆ ಕಟ್ಟಿ, ಕೆಳಗಿನಿಂದ ಬಟನ್ ಒತ್ತಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಅಷ್ಟು ಎತ್ತರದಲ್ಲಿ ಏನಾಗುತ್ತಿದೆಯೋ ನನಗೆ ಕಾಣದು.

ವಾಕಿಟಾಕಿಯಲ್ಲಿ ಅವರು ಚೀರಿದರು: "ಬ್ರಿಂಗ್ ಇಟ್..." ಉಳಿದದ್ದನ್ನು ಗಾಳಿ ನುಂಗಿತು. ತಕ್ಷಣ ಹಗ್ಗ ನಿಲ್ಲಿಸಿದೆ. ಮತ್ತೆ ಅದೇ ಚೀರಾಟ, ಮತ್ತೆ ಅಷ್ಟೇ.

ಇಂಗ್ಲಿಷಿನಲ್ಲಿ ಬ್ರಿಂಗ್ ಒಂದೇ ಸಾಲದು. ಅಪ್ಪೋ ಡೌನೋ ಇನ್ನೋ, ಹಿಂದೊಂದು ಬಾಲ ಬರಬೇಕು. ಜೀವ ಇರುವುದು ಆ ಬಾಲದಲ್ಲೇ. ಅಲ್ಲಿ ಅವರ ಕೈಯೇನಾದರೂ ಸಿಕ್ಕಿಕೊಂಡಿದ್ದರೆ? ನನ್ನ ಮುಂದೆ ಏರಿಸಲು ಒಂದು, ಇಳಿಸಲು ಒಂದು ಬಟನ್; ಯಾವುದನ್ನು ಒತ್ತಲಿ?

ಜೊತೆಗಾರ ತಿಪ್ಪೇಸ್ವಾಮಿ ವಾಕಿಟಾಕಿ ಕಿತ್ತುಕೊಂಡ. ದಿನಾ ಅವರಿಗೆ ಮುದ್ದೆ ಬಡಿಸುವವನು ಅವನೇ. ಊಟಕ್ಕೆ ಕೂರಿಸಿ ಕೇಳುವ ಹಾಗೆಯೇ ಕೂಗಿದ: "ಸಾರ್, ಇನ್ನೂ ಬೇಕಾ, ಸಾಕಾ?"

"ಸಾಕು! ಸಾಕು! ಸಾಕು!"

ಗಾಳಿ ಎಷ್ಟು ನುಂಗಿದರೂ ಒಂದಾದರೂ ಉಳಿಯುವಷ್ಟು 'ಸಾಕು'ಗಳು. ಹಗ್ಗ ನಿಂತ ಮೇಲೂ ಸಾಕು ಅಂದರೆ ಇಳಿಸು ಅಂತಲೇ ಅರ್ಥ; ಇಳಿಸುವ ಬಟನ್ ಒತ್ತಿದೆ. ಹಗ್ಗ ಇಳಿಯಿತು, ಚೀರಾಟ ನಿಂತಿತು. ಅವರ ಗ್ಲೌಸು ಮಾತ್ರ ಹರಿದಿತ್ತು, ಬೆರಳು ಉಳಿದಿದ್ದವು.

ಮಧ್ಯಾಹ್ನ ಅದೇ ಬೆರಳುಗಳನ್ನು ತಟ್ಟೆಗೆ ಅಡ್ಡ ಹಿಡಿದು ಅವರು "ಸಾಕು" ಅಂದರು.

"ಇಲ್ಲಿ ಅದು ನಡಿಯಲ್ಲ, ಸುಮ್ನೆ ಉಣ್ರಿ ಸಾರ್" ಅಂತ ತಿಪ್ಪೇಸ್ವಾಮಿ ಇನ್ನೊಂದು ಮುದ್ದೆ ಇಟ್ಟೇಬಿಟ್ಟ.