ಎಲ್ಲೂ ಕಚ್ಚದ ಬೂಟು

ಕಾಲುಚೀಲ ಒದ್ದೆಯಾಗಿತ್ತು. ನನ್ನ ತಮ್ಮ ಮಹೇಶ ಹಾನಗಲ್ಲಿನಾಚೆಯ ಗುಡ್ಡ ಹತ್ತಿಳಿದು ಶಿಗ್ಗಾಂವಿಯ ಮನೆಗೆ ಬಂದಿದ್ದ. ಬೆವರಿರಬೇಕು ಎಂದುಕೊಂಡು ಅವನ ಹೆಂಡತಿ ಶೋಭಾ ಅದನ್ನು ಬಕೆಟ್ಟಿಗೆ ಹಾಕಿದಳು.

ನೀರು ಕೆಂಪಾಯಿತು.

ಹಿಮ್ಮಡಿಯ ಚರ್ಮ ಸುಲಿದು ಹೋಗಿತ್ತು. ಅವನಿಗೆ ಗೊತ್ತೇ ಇರಲಿಲ್ಲ.

ಆ ಬೂಟು ಹೊಲಿದವನು ನಾನು. ಸವಣೂರಿನಲ್ಲಿ ನನ್ನದು ಚಪ್ಪಲಿ ಅಂಗಡಿ, ಅಪ್ಪನಿಂದ ಬಂದ ಕಸುಬು. ಮಹೇಶ ಓದಿ ಶಾಲೆಯ ಮಾಸ್ತರನಾದ. ರವಿವಾರ ಗೆಳೆಯರ ಜೊತೆ ಗುಡ್ಡ ಅಲೆಯುವ ಹುಚ್ಚು ಅವನಿಗೆ. ಅದಕ್ಕೆಂದು ತಂದುಕೊಂಡಿದ್ದ ಹಗುರ ಕ್ಯಾನ್ವಾಸ್ ಶೂವನ್ನು ನಾನು ಅಂಗೈಯಲ್ಲೇ ಮಡಚಿ ತೋರಿಸಿ ನಕ್ಕಿದ್ದೆ.

"ಇದೇನ ಬೂಟೋ, ಹಪ್ಪಳೋ? ಕಲ್ಲಿನ ಮ್ಯಾಲ ನಡಿಯಾಂವಗ ಗಟ್ಟಿ ತೊಗಲ ಬೇಕು."

"ನಿನ್ನ ಬೂಟ ಹಾಕ್ಕೊಂಡ್ರ ಎತ್ತಿಗೆ ಲಾಳ ಹೊಡದಂಗ ಆಕ್ಕತಿ ಅಣ್ಣ. ತೊಡಿ ಬಿದ್ದ ಹೋಗ್ತಾವ."

ಆದರೂ ಹಾಕಿಕೊಂಡ. ನಾನು ಕೊಟ್ಟದ್ದೆಂದು.

ನಾವು ಹೊಸ ಜೋಡನ್ನು ಹಾಗೇ ಕೊಟ್ಟು ಕಳಿಸುವುದಿಲ್ಲ. ಎಣ್ಣೆ ಹಚ್ಚಿ, ಗಿರಾಕಿಯನ್ನು ಅಂಗಡಿಯ ಮುಂದೆ ನಡೆಸಿ, "ಎಲ್ಲಿ ಕಚ್ಚತೈತ್ರಿ?" ಎಂದು ಕೇಳುತ್ತೇವೆ. ಅವರು ತೋರಿಸಿದ ಕಡೆ ತೊಗಲನ್ನು ಬಡಿದು ಮೆತ್ತಗೆ ಮಾಡುತ್ತೇವೆ. ಮಹೇಶನನ್ನೂ ನಡೆಸಿದೆ.

"ಎಲ್ಲೂ ಇಲ್ಲೋ ಅಣ್ಣ. ಭಾರ ಐತಿ, ಆದ್ರ ಕಚ್ಚಂಗಿಲ್ಲ."

ಮೊದಲ ದಿನವೂ ಕಚ್ಚದ ಜೋಡನ್ನು ನನ್ನ ಕೈ ಅಲ್ಲಿಯವರೆಗೆ ಹೊಲಿದಿರಲಿಲ್ಲ. ಬಂದವರಿಗೆಲ್ಲ ಹೇಳಿಕೊಂಡೆ.

ಅವನಿಗೆ ಶುಗರ್ ಇತ್ತು. ಅದೂ ನನಗೆ ಗೊತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯ ತುದಿಯನ್ನು ಅಂಗಾಲಿನ ಹತ್ತು ಕಡೆ ಒತ್ತಿದರು. ಒತ್ತಿ ಮುಗಿಸಿದ ಮೇಲೆ ಮಹೇಶ ಕೇಳಿದ, "ಯಾವಾಗ ಚಾಲೂ ಮಾಡ್ತೀರಿ ಸರ್?"

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಶುಗರಿಗೆ ಕಾಲಿನ ನರ ಸತ್ತಾವ್ರಿ. ಭಾರದ ಬೂಟು, ಮ್ಯಾಲ ಇಳಿಜಾರು. ಹೆಜ್ಜಿಗೊಮ್ಮೆ ತಿಕ್ಕೈತಿ. ನೋವ ಗೊತ್ತಾಗಿದ್ರ ಅರ್ಧ ದಾರ್ಯಾಗ ಬಿಚ್ಚತಿದ್ರು."

"ಹಗರನ ಶೂ ಆಗಿದ್ರರೀ?"

"ಇಷ್ಟ ತಿಕ್ಕತಿರ್ಲಿಲ್ಲ. ಆದ್ರ ಕಲ್ಲ ಚುಚ್ಚಬಹುದಿತ್ತು. ಹೇಳಾಕ ಬರೂದಿಲ್ರಿ."

ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವರು ಎರಡನ್ನೂ ಹೇಳಲಿಲ್ಲ.

ಗ್ಯಾಂಗ್ರೀನ್. ಮೊಣಕಾಲ ಕೆಳಗೆ ತೆಗೆದರು.

ಎಚ್ಚರವಾದ ಮೇಲೆ ಮಹೇಶ ಹೊದಿಕೆಯ ಕಡೆ ನೋಡಿದ. "ಅಣ್ಣ, ಇನ್ನ ಒಂದ ಬೂಟ ಹೊಲದ್ರ ಸಾಕು. ಈಗ ನಾನ ಹಗರ ಆಗೇನಿ." ಶೋಭಾ ಎದ್ದು ಹೊರಗೆ ಹೋದಳು. ನಾನು ನಕ್ಕೆ. ಅವನು ನಗಲಿಲ್ಲ.

ಎಂಟನೇ ದಿನ ನಂಜು ರಕ್ತಕ್ಕೇರಿದೆ, ಸೆಪ್ಸಿಸ್ ಎಂದರು. ಅಂದೇ ಹೋದ.

ಶೋಭಾ ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಭಾವಾರ, ಗುಡ್ಡಕ್ಕ ಕಳಸೂಕಿಂತ ಮೊದಲ ಒಮ್ಮೆರ ಅವ್ರ ಕಾಲ ಮುಟ್ಟಿ ನೋಡಿದ್ರೇನ್ರಿ?"

ನೋಡಿರಲಿಲ್ಲ. ಬಾಯಲ್ಲಿ ಕೇಳಿದ್ದೆ, ಅಷ್ಟೇ.

ಈಗ ಗಿರಾಕಿಯನ್ನು ನಡೆಸಿದ ಮೇಲೆ ಕಾಲನ್ನು ಕೈಯಲ್ಲಿ ಹಿಡಿದು ಹಿಮ್ಮಡಿ, ಬೆರಳ ಸಂದು ನೋಡುತ್ತೇನೆ. ಕೆಲವರು ಮುಜುಗರಪಟ್ಟು ಎಳೆದುಕೊಳ್ಳುತ್ತಾರೆ. ನಿನ್ನೆ ತಡಸದ ಮುದುಕಿಯೊಬ್ಬಳು ನಾಲ್ಕು ಹೆಜ್ಜೆ ನಡೆದು ಅಲ್ಲೇ ನಿಂತಳು.

"ಏನ ಜೋಡ ಹೊಲದೀಯೋ ಯಪ್ಪಾ! ಕಿರಿಬೆರಳಿಗೆ ನಾಯಿ ಕಚ್ಚಿದಂಗ ಕಚ್ಚತೈತಿ!"

"ಛಲೋ ಆತು ಯವ್ವಾ" ಎಂದೆ. ಅವಳು ಇನ್ನೂ ಬೈಯುತ್ತಿದ್ದಳು. ನಾನು ಸುತ್ತಿಗೆ ಎತ್ತಿಕೊಂಡೆ.