ಹಿತ್ತಾಳೆ ಚರಿಗೆಯ ಮಜ್ಜಿಗೆ

ಬೆಳಿಗ್ಗೆ ಹತ್ತೂವರೆಗೆ ನನ್ನ ಗೆಳೆಯ ಸೈಕಲ್ಲಿನ ಸೀಟಿನ ಮೇಲೆ ಕೂರುವುದನ್ನು ಬಿಟ್ಟ. ಹಂಸಭಾವಿ ಹಿಂದೆ ಬಿದ್ದು ಸ್ವಲ್ಪ ಹೊತ್ತಾಗಿತ್ತು. ಹೊತ್ತು ಮುಳುಗುವುದರೊಳಗೆ ಹಾನಗಲ್ಲು ಮುಟ್ಟಬೇಕೆಂದು ನಾನು ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಆದ್ದರಿಂದ ವೇಳೆ ನೆನಪಿದೆ. ಅವನು ಪೆಡಲಿನ ಮೇಲೆ ನಿಂತೇ ತುಳಿಯುತ್ತಿದ್ದ. ಏರಿನಲ್ಲಿ ಎಲ್ಲರೂ ಹಾಗೆ ತುಳಿಯುತ್ತಾರೆ. ಅಲ್ಲಿ ಏರು ಇರಲಿಲ್ಲ.

'ಯಾಕಲೇ, ಸೀಟು ಕಾದೈತೇನು?' ಎಂದೆ.

'ನೀ ಮುಂದ ನಡಿ' ಎಂದ.

ನಾವಿಬ್ಬರೂ ಧಾರವಾಡದಲ್ಲಿ ಕಾಲೇಜು ಮುಗಿಸಿದ ವರ್ಷ ಅದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾಲ್ಕು ದಿನದ ಜೋಡಿ ಸೈಕಲ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದೆವು. ಸವಣೂರಿನಿಂದ ಹೊರಟು ಶಿಗ್ಗಾಂವಿ ಮೇಲೆ ಹಾನಗಲ್ಲು, ಮರುದಿನ ಹಿರೇಕೆರೂರು, ಆಮೇಲೆ ಬಂದ ದಾರಿಯಲ್ಲೇ ವಾಪಸು. ಜೋಡಿಯಲ್ಲಿ ಒಬ್ಬ ನಿಂತರೆ ಇನ್ನೊಬ್ಬನೂ ನಿಂತಂತೆ. ಪಂದ್ಯ ನಿಗದಿಯಾದ ಮೇಲೆ ದಾರಿಯ ಹಳ್ಳಿಗಳಲ್ಲಿ ಇಲಿ ಬೀಳತೊಡಗಿದವು. ಇಲಿ ಸತ್ತು ಬಿದ್ದವೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಜನ ಮನೆಗೆ ಕೀಲಿ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಉಳಿದಿದ್ದರು. ದೊಡ್ಡ ಊರುಗಳಿಗೆ ಅದು ಇನ್ನೂ ಮುಟ್ಟಿರಲಿಲ್ಲ, ಹೀಗಾಗಿ ಪಂದ್ಯ ನಿಲ್ಲಲಿಲ್ಲ.

ಮೊದಲೆರಡು ದಿನ ನಾವು ಖಾಲಿ ಊರುಗಳ ನಡುವೆ ಹಾದು ಹೋದೆವು. ಆದರೂ ನೀರಡಿಸಿ ಬೀಳಲು ಜನ ಬಿಡಲಿಲ್ಲ. ರಸ್ತೆಯ ಬದಿಗೆ ಗಡಿಗೆಯಲ್ಲಿ ಮಜ್ಜಿಗೆ, ಎಲೆಯ ಮೇಲೆ ರೊಟ್ಟಿ ಇಟ್ಟು ತಾವು ದೂರ ಹೋಗಿ ನಿಲ್ಲುತ್ತಿದ್ದರು. 'ಕುಡೀರಿ ತಮ್ಮಾ, ಕುಡದು ಗಡಿಗಿ ಅಲ್ಲೇ ಒಡದ ಹೋಗ್ರಿ' ಎಂದು ಹೊಲದೊಳಗಿಂದ ಕೂಗುತ್ತಿದ್ದರು. ನಮ್ಮ ಬಾಯಿ ಮುಟ್ಟಿದ್ದು ಮತ್ತೆ ಅವರ ಗುಡಿಸಲಿಗೆ ಹೋಗುವಂತಿರಲಿಲ್ಲ. ಹಿರೇಬೆಂಡಿಗೇರಿಯ ಕಡೆಯ ಮುದುಕನೊಬ್ಬ ನಾವು ಒಡೆದ ಸದ್ದು ಕೇಳಿದ ಮೇಲೆಯೇ ಬೆನ್ನು ತಿರುಗಿಸಿದ್ದ.

'ಪಂದ್ಯ ಗೆಲ್ತೇವೋ ಇಲ್ಲೋ, ಗಡಿಗಿ ಒಡ್ಯೂದ್ರಾಗ ನಮ್ಮದ ಪೈಲಾ ನಂಬರ' ಎಂದು ಗೆಳೆಯ ನಗುತ್ತಿದ್ದ.

ಮೂರನೆಯ ದಿನ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲಿನಿಂದ ಇಳಿದು ನೆಲಕ್ಕೆ ಕೂತ. ಮೈ ಕೆಂಡವಾಗಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ನನ್ನ ಕೈ ಹಿಡಿದು ತನ್ನ ತೊಡೆಯ ಸಂದಿಗೆ ಒತ್ತಿಕೊಂಡ. ಚಡ್ಡಿಯ ಬಟ್ಟೆಯ ಕೆಳಗೆ ನೆಲ್ಲಿಕಾಯಿಯಷ್ಟು ಗಂಟು.

'ಬಂತು ನೋಡು' ಎಂದ.

ಹಿಂದಿನ ಜೋಡಿಯವರು ಬಂದು ಇಳಿಯಹೋದರು. ಅವನೇ ಕೈ ಅಡ್ಡ ಮಾಡಿದ. 'ನಿಲ್ಲಬ್ಯಾಡ್ರಿ. ನನಗ ಗಂಟ ಎದ್ದೈತಿ.' ಅವರಲ್ಲೊಬ್ಬ ತನ್ನ ನೀರಿನ ಬಾಟ್ಲಿಯನ್ನು ರಸ್ತೆಯ ಮೇಲಿಟ್ಟ. ಇಬ್ಬರೂ ಹಿಂದೆ ನೋಡದೆ ಹೋದರು.

'ನೀನೂ ಹೋಗು' ಎಂದ ನನಗೆ. 'ನಮ್ಮವ್ವಗ ಸೈಕಲ್ಲಿನಿಂದ ಬಿದ್ದಾ ಅಂತ ಹೇಳು. ಇದನ್ನ ಹೇಳಬ್ಯಾಡ.'

ನಾನು ಹೋಗಲಿಲ್ಲ. ಧೈರ್ಯದಿಂದಲ್ಲ. ಅವನನ್ನು ಮುಟ್ಟಿಯಾಗಿತ್ತು, ಇನ್ನು ಯಾವ ಊರಿಗೆ, ಯಾರ ಮನೆಗೆ ಹೋಗಲಿ?

ಜೋಳದ ಹೊಲದೊಳಗಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಹಕ್ಕಿ ಹೊಡೆಯುವ ಕವಣೆ. ಅವಳ ಗಂಡ ಹಿಂದೆ ಬದುವಿನ ಮೇಲೆಯೇ ನಿಂತ.

'ಬಿಸಲಾಗ ಯಾಕ ಕುಂತೀರಿ?'

'ಅವ್ವಾ, ಹತ್ರ ಬರಬ್ಯಾಡ. ಪಿಲೇಗ' ಎಂದ ಗೆಳೆಯ.

ಅವಳು ಸ್ವಲ್ಪ ನಿಂತು ನೋಡಿದಳು. ತಿರುಗಿ ಹೋದಳು. ಮುಗಿಯಿತು ಅಂದುಕೊಂಡೆ. ಮತ್ತೆ ಬಂದಾಗ ಕೈಯಲ್ಲಿ ಹಿತ್ತಾಳೆಯ ಚರಿಗೆ ಇತ್ತು, ಅದರ ತುಂಬ ಮಜ್ಜಿಗೆ.

'ಗಡಿಗ್ಯಾಗ ಕೊಡು' ಎಂದು ಗಂಡ ಕೂಗಿದ.

'ಗಡಿಗಿ ಎಲ್ಲಿ ಉಳದಾವು? ನಿನ್ನಿ ಸೈಕಲ್ ಮಂದೀನ ಒಡದ ಹೋದ್ರಲ್ಲ.'

ಅವಳು ಚರಿಗೆಯನ್ನು ನೆಲಕ್ಕಿಡದೆ ಅವನ ಬಾಯಿಗೇ ಹಿಡಿದಳು. ಕುಡಿದ ಮೇಲೆ ಈ ಚರಿಗೆಯನ್ನೇನು ಮಾಡುವುದು ಎಂದು ನಾನು ಕೇಳಿದೆ.

'ಬೂದಿ ಹಾಕಿ ತಿಕ್ತೇನಿ. ನೀನೂ ಕುಡಿ.'

ಆಮೇಲೆ ಗಂಡಹೆಂಡಿರ ವಾದ ನಡೆಯಿತು. 'ಗುಡಸಲಾ ಇವರಿಗೆ ಕೊಟ್ಟು ನಾವೆಲ್ಲಿ ಮಲಗೂದು?' 'ಬಣವಿ ಐತಲ್ಲ.' 'ಬಣವ್ಯಾಗ ಇಲಿ ಬರ್ತಾವ.' 'ನಿಮ್ಮ ಗೊರಕಿ ಕೇಳಿ ಓಡಿ ಹೋಗ್ತಾವ.' ಅವನು ಗೊಣಗುತ್ತಲೇ ಬಂದು ಗೆಳೆಯನ ಕಾಲು ಹಿಡಿದೆತ್ತಿದ. ತಲೆಯ ಕಡೆ ನಾನು ಹಿಡಿದೆ.

ಸಂಜೆಯೊಳಗೆ ಸುದ್ದಿ ಸುತ್ತಲಿನ ಗುಡಿಸಲುಗಳಿಗೆಲ್ಲ ಹೋಯಿತು. ಹಿರಿಯರು ದೂರ ನಿಂತು ಗಂಡಹೆಂಡಿರಿಗೆ ಹೇಳಿದರು: ನೀವಿಬ್ಬರೂ ಇನ್ನು ಬಾವಿಗೆ ಬರಬ್ಯಾಡ್ರಿ, ಕಣಕ್ಕ ಬರಬ್ಯಾಡ್ರಿ. ದಿನಾ ಯಾರೋ ಬಂದು, ಬದುವಿನ ಮೇಲೆ ಅವಳಿಟ್ಟ ಕೊಡಕ್ಕೆ ಮೇಲಿನಿಂದ ನೀರು ಸುರಿದು ಹೋಗುತ್ತಿದ್ದರು. ಜೋಳ ಕೊಯ್ಲಿಗೆ ಬಂದಿತ್ತು. ಆ ಹೊಲಕ್ಕೆ ಆಳುಗಳು ಬರಲಿಲ್ಲ. ಇಬ್ಬರೇ ಎಷ್ಟು ಕೊಯ್ದಾರು? ಅವಳು ಹಗಲೆಲ್ಲ ಕವಣೆ ಬೀಸುತ್ತ ಹಕ್ಕಿ ಓಡಿಸುತ್ತಿದ್ದಳು. ಒಂದು ಮಗ್ಗುಲಿನಿಂದ ಎದ್ದ ಹಕ್ಕಿ ಇನ್ನೊಂದು ಮಗ್ಗುಲಿಗೆ ಇಳಿಯುತ್ತಿದ್ದವು.

ರಾತ್ರಿ ಯಾರಿಗೂ ನಿದ್ದೆಯಿಲ್ಲ. ಗೆಳೆಯ ಜ್ವರದಲ್ಲಿ ಕಾಲು ಆಡಿಸುತ್ತ ಪೆಡಲು ತುಳಿಯುತ್ತಿದ್ದ. ನಾನು ನನ್ನ ತೊಡೆಯ ಸಂದಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಒಂದು ಕಡೆ, ಮತ್ತೊಂದು ಕಡೆ. ಈಗಲೂ ಮೈ ಬೆಚ್ಚಗಾದರೆ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಹೊರಗೆ ಬಣವೆಯ ಕಡೆಯಿಂದ ಗೊರಕೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಗಂಡ ನನ್ನನ್ನು ಪಕ್ಕಕ್ಕೆ ಕರೆದ. ದನಿ ಮೆತ್ತಗಿತ್ತು.

'ತಪ್ಪ ತಿಳೀಬ್ಯಾಡ್ರಿ. ನಿಮ್ಮಾಗ ಹುಗೀತಾರೋ, ಸುಡ್ತಾರೋ?'

'ಹುಗೀತೇವಿ' ಎಂದೆ.

'ಹಂಗಾದ್ರ ಚಲೋ ಆತು. ಕಟಗಿ ಯಾರೂ ಕೊಡಂಗಿಲ್ಲ.'

ಮಧ್ಯಾಹ್ನ ನೋಡಿದರೆ ಬದುವಿನ ಬೇವಿನ ಮರಕ್ಕೆ ಸಲಿಕೆ ಒರಗಿಸಿಟ್ಟಿದ್ದ. ಹಾಸಿಗೆಯಿಂದ ಗೆಳೆಯನಿಗೂ ಅದು ಕಾಣುತ್ತಿತ್ತು.

ಅದರ ಮರುದಿನ ಅವನ ಮೈಗೆ ಸುತ್ತಿದ್ದ ಧೋತರ ಬದಲಿಸಲು ಮಗ್ಗುಲಾಗಿಸಿದಾಗ ಬಟ್ಟೆಯೆಲ್ಲ ಕೀವು, ರಕ್ತ. ಸೀಟು ತಿಕ್ಕುವ ಜಾಗದಲ್ಲಿ ದೊಡ್ಡ ಕುರು ಎದ್ದು ಒಡೆದಿತ್ತು. ಹಿರೇಕೆರೂರು ಮುಟ್ಟುವ ಮೊದಲೇ ಎದ್ದಿತ್ತಂತೆ. ಅದು ಬಲಿತಂತೆ ಸಂದಿಯ ಗಂಟೂ ಬಾತಿತ್ತು. ಗಂಟಿನ ಮೇಲೆ ಕಣ್ಣಿಟ್ಟು ಕೂತಿದ್ದ ನಾವು ಯಾರೂ ಹಿಂದೆ ನೋಡಿರಲಿಲ್ಲ. ಅವನಿಗೂ ಕುರುವಿನ ನೋವು ಪ್ಲೇಗಿನ ಹೆದರಿಕೆಯಲ್ಲಿ ಮುಚ್ಚಿಹೋಗಿತ್ತು.

'ಹೇಳಾಕೇನಾಗಿತ್ತಲೇ?'

'ಹೆಣ್ಣಮಕ್ಕಳ ಮುಂದ ಅದನ್ನೇನ ಹೇಳೂದು?' ಎಂದ ಸಣ್ಣ ದನಿಯಲ್ಲಿ.

ಅವಳು ಹಿಟ್ಟು, ಅರಿಸಿನ ಕುದಿಸಿ ಪಟ್ಟು ಕಟ್ಟಲು ಕೊಟ್ಟಳು. ಗಂಡ ಹೊರಗೆ ಕೂತು ಹೊಲ ನೋಡುತ್ತಿದ್ದ. 'ಕುಂಡಿ ಮ್ಯಾಗಿನ ಕುರುವಿಗೆ ನನ್ನ ಜ್ವಾಳ ಹೋತು' ಎಂದ. ಆಮೇಲೆ ಬದುವಿಗೆ ಹೋಗಿ, ಇದು ಪಿಲೇಗಲ್ಲ, ಆಳು ಕಳಸ್ರಿ ಎಂದು ಕೂಗಿದ.

'ಹಂಗ ಎಲ್ಲಾರೂ ಅಂತಾರ' ಎಂದು ಆ ಕಡೆಯಿಂದ ಉತ್ತರ ಬಂತು. ನೀರು ಮೊದಲಿನಂತೆಯೇ ಮೇಲಿನಿಂದ ಬಿತ್ತು.

ಜ್ವರ ಇಳಿಯಲು ಇನ್ನೂ ಕೆಲವು ದಿನ ಹಿಡಿಯಿತು. ಇಳಿಯಿತೆಂದು ನಂಬಲು ಧೈರ್ಯವಾಗದೆ ಅವಳು ರಾತ್ರಿ ಎದ್ದೆದ್ದು ಬಂದು ಅವನ ಹಣೆ ಮುಟ್ಟುತ್ತಿದ್ದಳು. ಕೊನೆಗೊಂದು ಸೋಮವಾರ ಸಂಜೆ ಅವನ ಮೈ ತಣ್ಣಗಿತ್ತು. ಅದೇ ಚರಿಗೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಜ್ಜಿಗೆ ಕುಡಿದು ಮಲಗಿದೆವು.

ನನಗೆ ಎಚ್ಚರವಾದಾಗ ಹೊತ್ತು ಬಹಳ ಏರಿತ್ತು. ಗೆಳೆಯ ನಿದ್ದೆಯಲ್ಲಿದ್ದ, ಕಾಲು ಆಡುತ್ತಿರಲಿಲ್ಲ. ಬಣವೆಯ ಬುಡದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವಳು ಕವಣೆಯನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದ್ದಳು. ಸಲಿಕೆ ಮರಕ್ಕೆ ಒರಗಿಯೇ ಇತ್ತು. ಉಳಿದ ತೆನೆಗಳ ಮೇಲೆಲ್ಲ ಹಕ್ಕಿ ಕೂತಿದ್ದವು. ಓಡಿಸಲು ಯಾರೂ ಎದ್ದಿರಲಿಲ್ಲ.